ಹುಳುಕುಹಲ್ಲಿನ ಚಿಕಿತ್ಸೆಯಲ್ಲಿ ವಿಕಲ್ಪವಿಚಾರ

ಶಬ್ದವು ವಸ್ತುವನ್ನು ಬೋಧಿಸುವುದಲ್ಲದೆ, ಆ ವಸ್ತುವಿನ ವಿಷಯದಲ್ಲಿ ಒಂದು ಮತವನ್ನೂ ತನ್ನೊಳಗೆ ಅಡಗಿಸಿಕೊಂಡಿರುವುದುಂಟು. ಕನ್ನಡದ ‘ಹುಳುಕುಹಲ್ಲು’, ಸಂಸ್ಕೃತದ ‘ಕ್ರಿಮಿದಂತ’ ಎಂಬಿವು ಅಂಥವು. ಹಲ್ಲನ್ನು ಹುಳುವು ಕೊರೆಯುವುದೆಂಬ ಭಾವವು ಎರಡರಲ್ಲಿಯೂ ಇದೆ. ಹುಳುವೇ ಕಾರಣವಾದರೆ ಅದನ್ನು ಕೊಲ್ಲುವುದು ಅಥವಾ ಹೊರಹಾಕುವುದು ಚಿಕಿತ್ಸೆಯೆಂಬುದು ಅರ್ಥಾತ್ ಸಿದ್ಧವಾಗುವುದು. ಸುಶ್ರುತಸಂಹಿತೆಯು ಅಲುಗದ ಕ್ರಿಮಿದಂತಕ್ಕೆ ಸ್ವೇದನ, ರಕ್ತಮೋಕ್ಷಣ, ಲೇಪಾದಿಗಳನ್ನೂ, ಅಲುಗುವುದಕ್ಕೆ ಕಿತ್ತು ಆ ಸ್ಥಾನವನ್ನು ಸುಡುವುದನ್ನೂ ವಿಧಿಸಿದೆ. ಅಷ್ಟಾಂಗಹೃದಯದಲ್ಲಿ ವಾಗ್ಭಟನು ರಂಧ್ರದಲ್ಲಿ ಬೆಲ್ಲವನ್ನೋ ಜೇನುಮೇಣವನ್ನೋ ತುಂಬಿ ಸುಡಬೇಕೆನ್ನುವನು.

ಬಾಯೊಳಗಿನ ಸೂಕ್ಷ್ಮಜೀವಿಗಳು ಸಕ್ಕರೆಯಿಂದ ಆಮ್ಲವನ್ನುಂಟುಮಾಡುವುವು, ಆ ಆಮ್ಲವು ಹಲ್ಲಿನ ಖನಿಜಾಂಶವನ್ನು ಕರಗಿಸುವುದು ಎಂಬುದು ಇಂದಿನ ಶಾಸ್ತ್ರದ ನಿರ್ಣಯ. ಆದರೂ ಕೆಟ್ಟುದನ್ನು ಕೊರೆದು ತೆಗೆಯಲೇಬೇಕೆಂಬ ಸಂಪ್ರದಾಯವು ಬಹುಕಾಲ ನಡೆದುಬಂದಿತು. ಅಮೆರಿಕದ ಜಿ. ವಿ. ಬ್ಲ್ಯಾಕ್ ಎಂಬಾತನು 1908ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ, ಮುಂದೆ ಕೆಡಬಹುದಾದ ನೆರೆಯ ಭಾಗವನ್ನೂ ಸೇರಿಸಿ ಕೊರೆಯುವ ಕ್ರಮವು ಪ್ರತಿಪಾದಿತವಾಗಿದೆ. ಈ ಸಂಪ್ರದಾಯಕ್ಕೆ ಪ್ರತಿಪಕ್ಷವು ಸ್ಕಾಟ್ಲೆಂಡಿನಲ್ಲಿ ಹುಟ್ಟಿತು. ನಾರ್ನಾ ಹಾಲ್ ಎಂಬ ದಂತವೈದ್ಯೆಯು ಮಕ್ಕಳ ಹುಳುಕು ದವಡೆಹಲ್ಲನ್ನು ಕೊರೆಯದೆ, ಮರಗಟ್ಟಿಸುವ ಸೂಜಿಯನ್ನೂ ಚುಚ್ಚದೆ, ಲೋಹದ ಟೋಪಿಯೊಂದನ್ನು ಅಂಟಿಸಿ ಮುಚ್ಚುತ್ತಿದ್ದಳು. ಆಹಾರವು ದೊರೆಯದಂತಾದರೆ ಒಳಗಿನ ಕ್ಷಯವು ತಾನಾಗಿ ಮಂದವಾಗುವುದೆಂಬುದು ಇದರ ಯುಕ್ತಿ. ಈ ಅನುಭವದ ವರದಿಯು 2006ರಲ್ಲಿ ಪ್ರಕಟವಾಯಿತು. ಹುಳುವನ್ನು ಒಳಗೇ ಬಿಟ್ಟು ಬಾಗಿಲು ಹಾಕುವುದೆಂದರೆ ‘ಹುಳುಕು’ ಎಂಬ ಶಬ್ದಕ್ಕೇ ವಿರೋಧವೆಂದು ತೋರುವುದು ಸಹಜ.

ಈ ವಿವಾದದ ಪರೀಕ್ಷೆಗಾಗಿ ಬ್ರಿಟನ್ನಿನಲ್ಲಿ ನಡೆದ ಪ್ರಯೋಗದ ವರದಿಯು 2020ರಲ್ಲಿ ಹೊರಬಂದಿತು. ಮಕ್ಕಳ ಹಲ್ಲಿಗೆ ತುಂಬುವುದು ವಿಹಿತವೋ ಅಲ್ಲವೋ ಎಂಬ ಪ್ರಶ್ನೆಯ ಇಂಗ್ಲಿಷ್ ಆದ್ಯಕ್ಷರಗಳಿಂದ ಅದಕ್ಕೆ ‘ಫಿಕ್ಷನ್’ ಎಂಬ ಹೆಸರು ಬಂದಿತು. ಕಟ್ಟುಕಥೆಯೆಂಬ ಅರ್ಥವು ಆ ಹೆಸರಿಗಿದ್ದರೂ ಪ್ರಯೋಗವು ಗಂಭೀರವಾದುದು. ಇಂಗ್ಲೆಂಡ್, ಸ್ಕಾಟ್ಲೆಂಡ್, ವೇಲ್ಸ್‌ಗಳ 72 ಚಿಕಿತ್ಸಾಲಯಗಳಲ್ಲಿ, ಮೂರರಿಂದ ಏಳು ವರ್ಷದ 1,144 ಮಕ್ಕಳನ್ನು ಯಾದೃಚ್ಛಿಕವಾಗಿ ಮೂರು ಪಕ್ಷಗಳಲ್ಲಿ ಹಂಚಲಾಯಿತು. ಕೊರೆದು ತುಂಬುವುದು ಮೊದಲನೆಯದು. ಕ್ಷಯವನ್ನು ಒಳಗೆ ಮುಚ್ಚುವುದು ಎರಡನೆಯದು. ಹಲ್ಲುಜ್ಜುವಿಕೆ, ಆಹಾರನಿಯಮ, ಫ್ಲೋರೈಡ್ ಲೇಪ ಮೊದಲಾದ ನಿವಾರಣೋಪಾಯಗಳಷ್ಟೇ ಮೂರನೆಯದು. ಮೊದಲಿನ ಎರಡರಲ್ಲಿಯೂ ಈ ನಿವಾರಣೋಪಾಯಗಳು ಸೇರಿದ್ದುವು. ಸುಮಾರು ಮೂರು ವರ್ಷಗಳ ಅವಧಿಯಲ್ಲಿ ಒಮ್ಮೆಯಾದರೂ ನೋವನ್ನೋ ಕೀವನ್ನೋ ಅನುಭವಿಸಿದ ಮಕ್ಕಳು ಕ್ರಮವಾಗಿ ನೂರಕ್ಕೆ 42, 40, 45. ಪಕ್ಷಗಳಲ್ಲಿ ಭೇದವುಂಟೆಂಬುದಕ್ಕೆ ಪ್ರಮಾಣವು ದೊರೆಯಲಿಲ್ಲ.

ಇದನ್ನೋದಿದವರು ಎರಡು ಬಗೆಯಲ್ಲಿ ತಪ್ಪುವ ಸಂಭವವಿದೆ. ಭೇದವು ಕಾಣಲಿಲ್ಲವಾದುದರಿಂದ ಭೇದವೇ ಇಲ್ಲವೆಂಬುದು ಮೊದಲನೆಯ ತಪ್ಪು. ಕೇವಲ ಅನುಪಲಬ್ಧಿಯಿಂದ ಅಭಾವವು ಸಿದ್ಧವಾಗದು. ಇದ್ದಿದ್ದರೆ ಕಂಡೇ ಕಾಣುತ್ತಿತ್ತು ಎನ್ನುವಂಥ ಯೋಗ್ಯಾನುಪಲಬ್ಧಿಯೇ ಬೇಕು. ಹಗಲಿನಲ್ಲಿ ಮೇಜಿನ ಮೇಲೆ ಕೊಡವು ಕಾಣದಿದ್ದರೆ ಕೊಡವಿಲ್ಲವೆನ್ನಬಹುದು, ಕತ್ತಲೆಯಲ್ಲಿ ಹಾಗೆನ್ನಲಾಗದು. ಭೇದವು ದೊಡ್ಡದಾಗಿದ್ದರೆ ಇಷ್ಟು ಮಕ್ಕಳಲ್ಲಿ ಕಾಣಬೇಕಾಗಿತ್ತು. ಸಣ್ಣ ಭೇದವು ಕಣ್ಣುತಪ್ಪಿರಬಹುದು. ವರದಿಯು ನಿರಾಕರಿಸುವುದು ದೊಡ್ಡದನ್ನು ಮಾತ್ರ. ಮೂರನೆಯ ಪಕ್ಷವೆಂದರೆ ಏನೂ ಮಾಡದಿರುವುದೆಂದು ತಿಳಿಯುವುದು ಎರಡನೆಯ ತಪ್ಪು. ನಿತ್ಯವೂ ಹಲ್ಲುಜ್ಜಿಸುವುದು, ಸಿಹಿಯನ್ನು ತಡೆಯುವುದು ಇವು ಕೊರೆಯುವುದಕ್ಕಿಂತ ಸುಲಭವಾದ ಕರ್ಮಗಳಲ್ಲ.

ಇವೆರಡಕ್ಕಿಂತ ಮುಖ್ಯವಾದುದು ಅಧಿಕಾರಿವಿಚಾರ. ಸೇರಿಸಿಕೊಳ್ಳುವ ಕಾಲದಲ್ಲಿ ನೋವಾಗಲಿ ಕೀವಾಗಲಿ ಇದ್ದ ಮಕ್ಕಳನ್ನು ಈ ಪ್ರಯೋಗಕ್ಕೆ ತೆಗೆದುಕೊಂಡಿರಲಿಲ್ಲ. ಆದುದರಿಂದ ರಾತ್ರಿಯೆಲ್ಲ ಅತ್ತು ಬೆಳಿಗ್ಗೆ ಕೆನ್ನೆಯೂದಿಸಿಕೊಂಡು ಬಂದ ಮಗುವು ಈ ವಾಕ್ಯಕ್ಕೆ ಅಧಿಕಾರಿಯಲ್ಲ. ಅಂಥ ಮಗುವಿಗೆ ‘ಮೂರೂ ಸಮಾನ’ ಎಂದು ಹೇಳಿ ಕಳುಹಿಸುವುದು ವರದಿಯ ಅರ್ಥವಲ್ಲ, ಅನರ್ಥ.

ಹಾಗಾದರೆ ಅಧಿಕಾರಿಯಾದ ಮಗುವಿನ ವಿಷಯದಲ್ಲಿ ವೈದ್ಯನು ತನ್ನ ಇಚ್ಛೆಯಂತೆ ಒಂದನ್ನು ಆರಿಸಬಹುದೇ? ಮೀಮಾಂಸಕರು ಇಚ್ಛಾವಿಕಲ್ಪವನ್ನು ಎಂಟು ದೋಷಗಳಿಗೆ ಆಸ್ಪದವೆಂದು ಬಗೆದು, ಗತ್ಯಂತರವಿಲ್ಲದೆಡೆ ಮಾತ್ರ ಒಪ್ಪುವರು. ನಿಮಿತ್ತಭೇದವು ದೊರೆತರೆ ವ್ಯವಸ್ಥಿತವಿಕಲ್ಪವನ್ನೇ ಹೇಳುವರು. ಇಲ್ಲಿ ನಿಮಿತ್ತಭೇದವು ಸ್ಪಷ್ಟವಾಗಿದೆ. ಕ್ಷಯವು ಹಲ್ಲಿನ ಜೀವತಂತುವನ್ನು ಮುಟ್ಟಿದೆಯೇ? ಹಾಲುದವಡೆಯು ಸುಮಾರು ಒಂಬತ್ತರಿಂದ ಹನ್ನೆರಡು ವರ್ಷದೊಳಗೆ ಬೀಳುವುದಾದುದರಿಂದ ಅದಕ್ಕೆ ಉಳಿದಿರುವ ಆಯುಸ್ಸೆಷ್ಟು? ಮಗುವು ಸೂಜಿಯನ್ನು ಸಹಿಸಬಲ್ಲುದೇ? ಮನೆಯಲ್ಲಿ ದಿನಕ್ಕೆರಡು ಸಲ ಉಜ್ಜಿಸುವವರಿದ್ದಾರೆಯೇ? ಬೀಳುವ ಕಾಲವು ಸಮೀಪಿಸಿದ ಹಲ್ಲನ್ನು ಶುಚಿಯಾಗಿಟ್ಟು ಕಾಯಬಹುದು. ನಾಲ್ಕು ವರ್ಷದ ಅಂಜುಬುರುಕ ಮಗುವಿನ ಹಲ್ಲಿಗೆ ಟೋಪಿಯು ಯುಕ್ತ. ತಂತುವು ಕೆಟ್ಟು ಕೀವುಗಟ್ಟಿದ್ದಕ್ಕೆ ಮುಚ್ಚುವುದು ಸಲ್ಲದು.

ಇಲ್ಲಿ ಆಕ್ಷೇಪವೊಂದುಂಟು. ಮಕ್ಕಳ ಭಯದಲ್ಲಿಯೂ ಪಕ್ಷಗಳ ನಡುವೆ ಭೇದವು ಕಾಣಲಿಲ್ಲವೆಂದು ವರದಿಯೇ ಹೇಳುತ್ತಿರಲು, ಭಯವನ್ನು ನಿಮಿತ್ತವೆನ್ನುವುದು ಹೇಗೆ? ಸಮಾಧಾನವು ಹೀಗೆ: ಅಲ್ಲಿ ಹೇಳಿರುವುದು ಸಮುದಾಯದ ಸರಾಸರಿಯನ್ನು. ಸರಾಸರಿಯೆಂಬ ಮಗುವು ಯಾವ ವೈದ್ಯನ ಕುರ್ಚಿಯಲ್ಲಿಯೂ ಕುಳಿತುದಿಲ್ಲ. ಕುಳಿತಿರುವ ಮಗುವನ್ನು ನೋಡಿಯೇ ನಿರ್ಣಯಿಸಬೇಕು.

ವರದಿಯ ಓದುಗರು ಸಾಮಾನ್ಯವಾಗಿ 42, 40, 45 ಎಂಬ ಸಂಖ್ಯೆಗಳ ಅಂತರವನ್ನೇ ನೋಡುವರು. ಅವುಗಳ ಗಾತ್ರವನ್ನು ನೋಡುವವರು ಕಡಮೆ. ಯಾವ ಪಕ್ಷದಲ್ಲಿಯೇ ಆಗಲಿ, ಐವರಲ್ಲಿ ಇಬ್ಬರು ಮಕ್ಕಳು ನೊಂದರು. ಕ್ಷಯವು ಒಳಹೊಕ್ಕ ಮೇಲೆ ಕೊರೆಯುವವನೂ ಮುಚ್ಚುವವನೂ ಕಾಯುವವನೂ ಈ ನೋವನ್ನು ಪೂರ್ಣವಾಗಿ ತಡೆಯಲಾರದೆ ಹೋದರು. ಮೂರು ಪಕ್ಷಗಳಿಗೂ ಸಾಧಾರಣವಾದ ಅಂಗವು ನಿವಾರಣವೊಂದೇ. ಅದು ರಂಧ್ರವು ಬೀಳುವ ಮುನ್ನವೇ ಮನೆಯಲ್ಲಿ ಆರಂಭವಾಗಬೇಕೆಂಬುದೇ ಈ ಸಂಖ್ಯೆಗಳ ತಾತ್ಪರ್ಯ. ವೈದ್ಯನ ಆಯ್ಕೆಯು ಅದಾದ ಮೇಲಣ ಮಾತು.