ಹೆಸರಿನಲ್ಲಿ ಇಬ್ಬರು, ಕಥೆಯಲ್ಲಿ ಒಬ್ಬರು

ಜೇಮ್ಸ್ ಮ್ಯಾಂಗೋಲ್ಡ್ ನಿರ್ದೇಶಿಸಿದ ‘ಫೋರ್ಡ್ ವರ್ಸಸ್ ಫೆರಾರಿ’ (2019) ಬೇಸರವಿಲ್ಲದೆ ನೋಡಿಸಿಕೊಂಡು ಹೋಗುವ ಚಿತ್ರ. ಫ್ರಾನ್ಸಿನ ಲ ಮಾನ್ ಎಂಬಲ್ಲಿ ಹಗಲಿರುಳು 24 ಗಂಟೆ ನಡೆಯುವ ಕಾರು ಪಂದ್ಯ ಅದರ ವಸ್ತು. ಚಾಲಕ ಕೆನ್ ಮೈಲ್ಸ್ ಅವರ ಪಾತ್ರದಲ್ಲಿ ಕ್ರಿಶ್ಚಿಯನ್ ಬೇಲ್ ಅವರ ಅಭಿನಯ ಮನಸ್ಸಿನಲ್ಲಿ ಉಳಿಯುತ್ತದೆ. ಸಂಕಲನಕ್ಕೂ ಧ್ವನಿ ಸಂಕಲನಕ್ಕೂ ಬಂದ ಎರಡು ಆಸ್ಕರ್ ಪ್ರಶಸ್ತಿಗಳು ನ್ಯಾಯವಾಗಿಯೇ ಸಂದಿವೆ. ಇಷ್ಟೆಲ್ಲ ಒಪ್ಪಿಕೊಂಡ ಮೇಲೂ ನಮ್ಮದೊಂದು ತಕರಾರು ಉಳಿಯುತ್ತದೆ.

ಇಟಲಿಯ ಮರನೆಲ್ಲೊ ಎಂಬ ಸಣ್ಣ ಊರಿನಲ್ಲಿದ್ದ ಫೆರಾರಿ ಕಾರ್ಖಾನೆ ಆಗ ವರ್ಷಕ್ಕೆ ತಯಾರಿಸುತ್ತಿದ್ದುದು ಕೆಲವೇ ನೂರು ಕಾರುಗಳು. ಆದರೂ 1960ರಿಂದ 1965ರವರೆಗೆ ಸತತವಾಗಿ ಆರು ಸಲ ಲ ಮಾನ್ ಗೆದ್ದದ್ದು ಅದರ ಕಾರುಗಳೇ. 1963ರಲ್ಲಿ ಫೋರ್ಡ್ ಕಂಪನಿ ಅದನ್ನು ಕೊಂಡುಕೊಳ್ಳಲು ಬಂದಿತು. ಪಂದ್ಯದ ವಿಷಯದಲ್ಲಿ ಕೊನೆಯ ಮಾತು ಯಾರದು ಎಂಬಲ್ಲಿ ಎನ್ಜೊ ಫೆರಾರಿ ಪಟ್ಟು ಹಿಡಿದರು, ವ್ಯವಹಾರ ಮುರಿದುಬಿತ್ತು. ಈ ಪ್ರಶ್ನೆ ಚಿತ್ರದಲ್ಲಿಯೂ ಒಂದು ಕ್ಷಣ ಬರುತ್ತದೆ, ಮರುಕ್ಷಣವೇ ಬೈಗುಳಗಳಲ್ಲಿ ಮುಳುಗಿಹೋಗುತ್ತದೆ. ಫೋರ್ಡಿನ ಬೆಲೆಯನ್ನು ತೋರಿಸಿ ಫಿಯಟ್ ಕಂಪನಿಗೆ ಒಡನೆಯೇ ಮಾರಿಕೊಂಡ ಚತುರ ಮುದುಕನಾಗಿ ಅವರು ಕಾಣಿಸಿಕೊಳ್ಳುತ್ತಾರೆ. ನಿಜವಾಗಿ ಫಿಯಟ್‌ಗೆ ಅರ್ಧ ಪಾಲು ಹೋದದ್ದು 1969ರಲ್ಲಿ. ಆ ನಡುವಣ ಆರು ವರ್ಷ ಸಣ್ಣ ಕಾರ್ಖಾನೆ ತನ್ನ ಕಾಲ ಮೇಲೆಯೇ ನಿಂತು ಹೋರಾಡಿತು. ಅವನ್ನು ಅಳಿಸಿಹಾಕಿದರೆ ದುರ್ಬಲರು ಯಾರು, ಬಲಾಢ್ಯರು ಯಾರು ಎಂಬುದೇ ಅದಲುಬದಲಾಗುತ್ತದೆ.

ಹಾಗೆಯೇ ಆಗಿದೆ. 1966ರ ಪಂದ್ಯಕ್ಕೆ ಫೋರ್ಡ್ ಇಳಿಸಿದ್ದು 8 ಮಾರ್ಕ್ 2 ಕಾರುಗಳನ್ನು. ಎದುರಿಗೆ ಫೆರಾರಿಯ ಹೊಸ ಪಿ3 ಕಾರುಗಳು ಮೂರೇ, ಅವುಗಳಲ್ಲಿ ಒಂದೂ ಪಂದ್ಯ ಮುಗಿಸಲಿಲ್ಲ. ಚಿತ್ರದಲ್ಲಿ ಮಾತ್ರ ಬಡಪಾಯಿಯ ಪಟ್ಟ ಫೋರ್ಡಿನ ಹಣದಲ್ಲಿ ನಡೆದ ಶೆಲ್ಬಿ ತಂಡಕ್ಕೆ! ಶೆಲ್ಬಿ ಎದುರಾಳಿಗಳ ಸ್ಟಾಪ್‌ವಾಚ್ ಕದಿಯುವುದು ನಮ್ಮನ್ನು ನಗಿಸಲೆಂದು. ಇಟಲಿಯವರು ಹೀಗೆ ಮಾಡಿದ್ದರೆ ನಿರ್ದೇಶಕರು ನಗಿಸುತ್ತಿದ್ದರೇ? ಕೊನೆಯಲ್ಲಿ ಎನ್ಜೊ ಫೆರಾರಿ ಟೋಪಿ ಮುಟ್ಟಿ ಮೈಲ್ಸ್‌ಗೆ ಗೌರವ ಸಲ್ಲಿಸುತ್ತಾರೆ. ಅವರು ಆ ದಿನ ಲ ಮಾನ್‌ನಲ್ಲಿ ಇರಲೇ ಇಲ್ಲ.

ಇದು ಕುಶಲಕರ್ಮಿಗಳಿಗೂ ಕಚೇರಿಯ ದೊರೆಗಳಿಗೂ ನಡೆದ ಜಗಳದ ಕಥೆ ಎಂದು ಕೆಲವರು ಹೇಳಬಹುದು. ಒಪ್ಪಿದೆವು, ಚಿತ್ರದ ಸೊಗಸಾದ ಭಾಗವೂ ಅದೇ. ಮುಂದಿದ್ದ ಮೈಲ್ಸ್ ವೇಗ ತಗ್ಗಿಸಬೇಕು, ಮೂರು ಫೋರ್ಡ್‌ಗಳು ಒಟ್ಟಿಗೆ ಗೆರೆ ದಾಟಬೇಕು ಎಂದು ಮೇಲಿನಿಂದ ಅಪ್ಪಣೆ ಬಂದಿತು. ಅವರು ಪಾಲಿಸಿದರು. ಹೆಚ್ಚು ಹಿಂದಿನಿಂದ ಹೊರಟಿತ್ತೆಂಬ ಕಾರಣಕ್ಕೆ ಮ್ಯಾಕ್‌ಲಾರೆನ್ ಅವರ ಕಾರು ಗೆದ್ದಿತು. ಎನ್ಜೊ ಫೆರಾರಿ 1963ರಲ್ಲಿ ಅಂಜಿದ್ದು ಇದಕ್ಕೇ ಅಲ್ಲವೆ? ಮಾರಿದ್ದರೆ ತಮ್ಮ ಚಾಲಕನಿಗೂ ಇಂಥದೇ ಅಪ್ಪಣೆ ಬರುತ್ತಿತ್ತು. ಪ್ರಶ್ನೆ ಮೊದಲ ಭಾಗದಲ್ಲಿದೆ, ಉತ್ತರ ಕೊನೆಯಲ್ಲಿದೆ. ಎರಡನ್ನೂ ಕೈಯಲ್ಲಿಟ್ಟುಕೊಂಡು ನಿರ್ದೇಶಕರು ಜೋಡಿಸದೆ ಹೋದದ್ದೇ ನಮ್ಮ ದೂರು. ಒಂದು ದೃಶ್ಯ ಸಾಕಿತ್ತು.

1966ರ ಆಗಸ್ಟ್‌ನಲ್ಲಿ ಕಾರು ಪರೀಕ್ಷೆಯ ವೇಳೆ ಮೈಲ್ಸ್ ತೀರಿಕೊಂಡ ದುಃಖದಲ್ಲಿ ಚಿತ್ರ ಮುಗಿಯುತ್ತದೆ. ಮುಂದಿನ ಮೂರು ವರ್ಷವೂ ಲ ಮಾನ್ ಫೋರ್ಡಿನ ಪಾಲಾಯಿತು, ನಿಜ. ಆದರೆ 1967ರ ಫೆಬ್ರವರಿಯಲ್ಲಿ ಅಮೆರಿಕದ ಡೇಟೋನಾದ 24 ಗಂಟೆಯ ಪಂದ್ಯದಲ್ಲಿ, ಫೋರ್ಡಿನ ಸ್ವಂತ ನೆಲದಲ್ಲೇ, ಮೂರು ಫೆರಾರಿಗಳು ಮೊದಲ ಮೂರು ಸ್ಥಾನ ಪಡೆದು ಜೊತೆಜೊತೆಯಾಗಿ ಗೆರೆ ದಾಟಿದವು. ಮಕ್ಕಳೊಡನೆ ಈ ಚಿತ್ರ ನೋಡುವ ವಾಚಕರು ಅವರಿಗೆ 1967, 1969 ಎಂಬ ಎರಡು ಇಸವಿಗಳ ಸಂಗತಿಯನ್ನೂ ಹೇಳಲಿ.