ಹೊಸ ನೋಟಕ್ಕೆ ಹಳೆಯ ದಾರಿಯೇ ಸಾಕು

ದೇಶ ಸುತ್ತಬೇಕು, ಇಲ್ಲವೇ ಕೋಶ ಓದಬೇಕು ಎಂಬ ಗಾದೆಯ ಮೊದಲರ್ಧ ಈಗ ಉಪದೇಶವಾಗಿ ಎಲ್ಲೆಡೆ ಕೇಳಿಬರುತ್ತಿದೆ. ಅದೇ ಮನೆ, ಅದೇ ಆಫೀಸು ಎಂದು ಕೂತರೆ ಬುದ್ಧಿಗೆ ತುಕ್ಕು ಹಿಡಿಯುತ್ತದೆ, ನಿತ್ಯದ ಜಾಡು ಬಿಟ್ಟು ಹೊರಟರೆ ಹೊಸ ದೃಷ್ಟಿ ತಾನಾಗಿ ಒದಗುತ್ತದೆ ಎನ್ನುತ್ತಾರೆ. ಇದಕ್ಕೆ ಸಾಕ್ಷಿಯಾಗಿ ಚಾರ್ಲ್ಸ್ ಡಾರ್ವಿನ್‌ನ ಕಥೆ ಹೇಳುವುದುಂಟು: ಹಡಗು ಹತ್ತಿದ, ಗಲಪಗೋಸ್ ದ್ವೀಪಗಳಲ್ಲಿ ಫಿಂಚ್ ಹಕ್ಕಿಗಳ ಕೊಕ್ಕು ನೋಡಿದ, ವಿಕಾಸವಾದ ಹೊಳೆಯಿತು. ಆದರೆ ನಡೆದದ್ದು ಹಾಗಲ್ಲ. ಡಾರ್ವಿನ್‌ನ ಬದುಕೇ ಈ ಉಪದೇಶಕ್ಕೆ ಎದುರು ನಿಲ್ಲುತ್ತದೆ.

ಬೀಗಲ್ ಹಡಗು ಗಲಪಗೋಸ್‌ನಲ್ಲಿದ್ದದ್ದು 1835ರಲ್ಲಿ, ಸುಮಾರು ಐದು ವಾರ. ಅಲ್ಲಿನ ಆಡಳಿತ ನೋಡಿಕೊಳ್ಳುತ್ತಿದ್ದ ನಿಕೊಲಸ್ ಲಾಸನ್, ಆಮೆಯನ್ನು ನೋಡಿದರೆ ಸಾಕು, ಅದು ಯಾವ ದ್ವೀಪದ್ದೆಂದು ಹೇಳಬಲ್ಲೆ ಎಂದಿದ್ದ. ಡಾರ್ವಿನ್ ಆಗ ಆ ಮಾತಿಗೆ ಹೆಚ್ಚು ಗಮನ ಕೊಡಲಿಲ್ಲ. ಎರಡು ದ್ವೀಪಗಳ ಸಂಗ್ರಹವನ್ನು ಆಗಲೇ ಬೆರೆಸಿಬಿಟ್ಟಿದ್ದ. ಹಡಗಿಗೆ ಹೇರಿಕೊಂಡ ದೊಡ್ಡ ಆಮೆಗಳನ್ನು ದಾರಿಯುದ್ದಕ್ಕೂ ತಿಂದು ಚಿಪ್ಪುಗಳನ್ನು ಸಮುದ್ರಕ್ಕೆ ಎಸೆದರು. ಫಿಂಚ್‌ಗಳಲ್ಲಿ ಕೆಲವನ್ನು ಅವನು ಬೇರೆಯೇ ಬಳಗದ ಹಕ್ಕಿಗಳೆಂದು ತಿಳಿದಿದ್ದ. ಅವೆಲ್ಲ ಒಂದೇ ಬಳಗದವೆಂದು ಗುರುತಿಸಿದವನು ಜಾನ್ ಗೂಲ್ಡ್. ಅದೂ 1837ರಲ್ಲಿ, ಲಂಡನ್ನಿನಲ್ಲಿ ಕೂತು. ಹಕ್ಕಿಗಳ ಮಾದರಿಗಳನ್ನು ಪರೀಕ್ಷಿಸುವುದೇ ಅವನ ದಿನನಿತ್ಯದ ಕೆಲಸವಾಗಿತ್ತು.

ಅಂದರೆ ಇಂಥ ಸೂಕ್ಷ್ಮಗಳು ಮೊದಲು ಕಂಡದ್ದು ದ್ವೀಪದಲ್ಲೇ ಬಾಳುತ್ತಿದ್ದವನಿಗೆ ಮತ್ತು ಹಕ್ಕಿಗಳನ್ನು ದಿನವೂ ಕೈಯಲ್ಲಿ ಹಿಡಿಯುತ್ತಿದ್ದವನಿಗೆ. ಬಂದು ಹೋದವನಿಗೆ ಕಾಣಲಿಲ್ಲ. ಎಂದಿನದು ಯಾವುದೆಂದು ಬಲ್ಲವನಿಗಷ್ಟೇ ಎಂದಿನಂತಿಲ್ಲದ್ದು ಗೊತ್ತಾಗುತ್ತದೆ. ಮಳೆಗಾಲದಲ್ಲಿ ಮಲೆನಾಡಿಗೆ ಬಂದವರು ಅಡಿಕೆ ತೋಟದ ಹಸಿರಿಗೆ ಮರುಳಾಗುತ್ತಾರೆ. ಬೆಳೆಗಾರನ ಕಣ್ಣು ಮರದ ಬುಡದಲ್ಲಿ ಉದುರಿದ ನಾಲ್ಕು ಎಳೆಗಾಯಿಗಳ ಮೇಲಿರುತ್ತದೆ. ತೊಟ್ಟಿನ ಬಳಿ ನೀರು ಕುಡಿದಂಥ ಕಲೆ ಕಂಡರೆ ಕೊಳೆರೋಗ ಬಂತೆಂದು ಅವನಿಗೆ ತಿಳಿಯುತ್ತದೆ.

ಆ ಯಾನವೇ ತನ್ನ ಬದುಕಿನ ಅತಿ ಮುಖ್ಯ ಘಟನೆ ಎಂದು ಡಾರ್ವಿನ್ನೇ ಆತ್ಮಕಥೆಯಲ್ಲಿ ಹೇಳಿದ್ದಾನಲ್ಲ ಎಂದು ಕೇಳಬಹುದು. ಹೇಳಿದ್ದಾನೆ. ಹಡಗಿನಲ್ಲಿ ತಂದ ಸಂಗ್ರಹವಿಲ್ಲದೆ ಮುಂದಿನ ಕೆಲಸ ಆಗುತ್ತಲೂ ಇರಲಿಲ್ಲ. ಆದರೆ ಆ ಯಾನದಲ್ಲಿ ಕಲಿತ ಬೇರೆಲ್ಲಕ್ಕಿಂತ, ಹಿಡಿದ ಕೆಲಸದಲ್ಲಿ ಬಿಡದೆ ತೊಡಗುವ, ಮನಸ್ಸನ್ನು ಒಂದೆಡೆ ನಿಲ್ಲಿಸುವ ಅಭ್ಯಾಸವೇ ದೊಡ್ಡದು ಎಂದೂ ಅವನು ಅಲ್ಲೇ ಬರೆದಿದ್ದಾನೆ. ಐದು ವರ್ಷ ಲೋಕ ಸುತ್ತಿದವನು ಗಳಿಸಿ ತಂದದ್ದು ಒಂದು ಶಿಸ್ತನ್ನು.

ಆ ಶಿಸ್ತು ಫಲ ಕೊಟ್ಟದ್ದು ಮನೆಯಲ್ಲಿ. 1842ರಲ್ಲಿ ಕೆಂಟ್ ಸೀಮೆಯ ಡೌನ್ ಎಂಬ ಹಳ್ಳಿಗೆ ಬಂದವನು 1882ರಲ್ಲಿ ಸಾಯುವವರೆಗೂ ಅಲ್ಲೇ ನೆಲೆಸಿದ. ಮನೆಯ ಹಿಂದಿನ ಮರಳುಹಾದಿಯಲ್ಲಿ ದಿನವೂ ಸುತ್ತು ಹಾಕುತ್ತಿದ್ದ. ಬಂಡೆಗೆ ಅಂಟಿಕೊಂಡು ಬದುಕುವ ಬಾರ್ನಕಲ್‌ಗಳ ಅಧ್ಯಯನಕ್ಕೆ ಎಂಟು ವರ್ಷ ಕೊಟ್ಟ. ಎರೆಹುಳುಗಳ ಕೆಲಸ ತಿಳಿಯಲು ಅವನು ನೆಚ್ಚಿದ ಸಾಕ್ಷ್ಯಗಳಲ್ಲೊಂದು ಮನೆಯ ಹತ್ತಿರದ್ದೇ: 1842ರ ಡಿಸೆಂಬರಿನಲ್ಲಿ ಒಂದು ಹೊಲದ ಮೇಲೆ ಸೀಮೆಸುಣ್ಣದ ಚೂರುಗಳನ್ನು ಹರಡಿದ್ದರು. 29 ವರ್ಷ ಕಳೆದು, 1871ರಲ್ಲಿ, ಅಲ್ಲೇ ಕಾಲುವೆ ತೋಡಿಸಿದಾಗ ಆ ಬಿಳಿಯ ಗೆರೆ ಏಳು ಅಂಗುಲ ಕೆಳಗೆ ಸಿಕ್ಕಿತು. ಹುಳುಗಳು ತಳದ ಮಣ್ಣನ್ನು ತಂದು ಮೇಲೆ ಹಾಕುತ್ತಲೇ ಇದ್ದವು. ಉಳುವ ನೆಲವನ್ನು ನೋಡುವ ಬಗೆಯನ್ನೇ ಬದಲಿಸಿದ ಈ ಮಾತನ್ನು ತಿಳಿಯಲು ಕಾಯುವವನು ಬೇಕಿತ್ತು.

ಪ್ರವಾಸದ ಸುಖ ಸುಖವೇ, ದಣಿದವರಿಗೆ ಅದು ಬೇಕು. ನನ್ನ ತಕರಾರು ಅದು ವಿವೇಕಕ್ಕೂ ಹೆದ್ದಾರಿ ಎಂಬ ನಂಬಿಕೆಯ ಮೇಲೆ. ಈ ನಂಬಿಕೆಯಿಂದ ಅನ್ಯಾಯವೂ ಆಗುತ್ತಿದೆ. ಕೊಟ್ಟಿಗೆಯಲ್ಲಿ ದನಕರು ಇರುವುದರಿಂದ ಊರು ಬಿಡಲಾಗದವರು, ಅಂಗಡಿಗೆ ಬೀಗ ಹಾಕಲಾಗದವರು, ಹಾಸಿಗೆ ಹಿಡಿದ ಹಿರಿಯರನ್ನು ನೋಡಿಕೊಳ್ಳುವ ಹೆಂಗಸರು, ಇವರೆಲ್ಲರಿಗೂ ಲೋಕಜ್ಞಾನ ಕಡಿಮೆ ಎಂದು ನಾವು ಸುಲಭವಾಗಿ ತೀರ್ಪು ಕೊಟ್ಟುಬಿಡುತ್ತೇವೆ. ಬೇರೆ ಊರಿಗೆ ಹೋದಾಗ ಅಲ್ಲೇ ಬಾಳುವವರನ್ನು ಕೇಳೋಣ, ಕೇಳಿದ್ದನ್ನು ಬರೆದಿಟ್ಟುಕೊಳ್ಳೋಣ. ನಮ್ಮೂರಿನಲ್ಲಿ ದಿನವೂ ಕಾಣುವ ಒಂದು ಕೆರೆಯನ್ನೋ ಮರವನ್ನೋ ಓಣಿಯನ್ನೋ ಆರಿಸಿಕೊಂಡು ವರ್ಷಗಟ್ಟಲೆ ಬಿಡದೆ ನೋಡೋಣ. ಹೊಸ ದೃಷ್ಟಿ ಬೇಕೆನ್ನುವವರು ಮೊದಲು ಕಲಿಯಬೇಕಾದ್ದು ಒಂದೆಡೆ ನಿಲ್ಲುವುದನ್ನು.