ನಗೆಯ ತಕ್ಕಡಿಯಲ್ಲಿ ಅಭ್ಯರ್ಥಿಗಳು

ಒಂದು ಚಿತ್ರದಿಂದ ಆರಂಭಿಸೋಣ. ಅಮೆರಿಕದ ಅಧ್ಯಕ್ಷರ ಕಚೇರಿ. ಅಗ್ಗಿಷ್ಟಿಕೆಯಲ್ಲಿ ಆ ದೇಶದ ಧ್ವಜ ಉರಿಯುತ್ತಿದೆ. ಅದರ ಮೇಲಿನ ಗೋಡೆಯಲ್ಲಿ ಉಸಾಮಾ ಬಿನ್ ಲಾದೆನ್‌ನ ಭಾವಚಿತ್ರ. ಕೋಣೆಯ ನಡುವೆ ಮುಂಡಾಸು, ನಿಲುವಂಗಿ, ಚಪ್ಪಲಿ ತೊಟ್ಟ ಬರಾಕ್ ಒಬಾಮಾ. ಎದುರಿಗೆ ಸೈನಿಕರ ಪ್ಯಾಂಟು ತೊಟ್ಟು, ಬೆನ್ನಿಗೆ ಬಂದೂಕು ಇಳಿಬಿಟ್ಟುಕೊಂಡ ಅವರ ಪತ್ನಿ ಮಿಶೆಲ್. ಇಬ್ಬರೂ ಮುಷ್ಟಿಗೆ ಮುಷ್ಟಿ ತಾಗಿಸಿ ಸಂಭ್ರಮಿಸುತ್ತಿದ್ದಾರೆ.

ಇದು ಯಾವುದೋ ದ್ವೇಷದ ಕರಪತ್ರದಲ್ಲಿ ಬಂದ ಚಿತ್ರವಲ್ಲ. ಅಮೆರಿಕದ ಸುಶಿಕ್ಷಿತ, ಉದಾರವಾದಿ ಓದುಗರ ಅಚ್ಚುಮೆಚ್ಚಿನ ವಾರಪತ್ರಿಕೆ 'ದಿ ನ್ಯೂಯಾರ್ಕರ್'ನ 2008ರ ಜುಲೈ 21ರ ಸಂಚಿಕೆಯ ಮುಖಪುಟ. ಬಿಡಿಸಿದವರು ಬ್ಯಾರಿ ಬ್ಲಿಟ್. ಒಬಾಮಾರ ಬಗ್ಗೆ ಹರಡಿದ್ದ ಗಾಳಿಸುದ್ದಿಗಳನ್ನು ಗೇಲಿ ಮಾಡುವುದು ತಮ್ಮ ಉದ್ದೇಶವೇ ಹೊರತು ಒಬಾಮಾರನ್ನಲ್ಲ ಎಂದು ಸಂಪಾದಕ ಡೇವಿಡ್ ರೆಮ್ನಿಕ್ ಸಮಜಾಯಿಷಿ ನೀಡಿದರು. ಅವರ ಮಾತನ್ನು ನಂಬದಿರಲು ಕಾರಣವೇನೂ ಇಲ್ಲ. ಚಿತ್ರಕ್ಕೆ 'ಭಯದ ರಾಜಕಾರಣ' ಎಂಬರ್ಥದ ಶೀರ್ಷಿಕೆಯೂ ಇತ್ತು. ಆದರೆ ಆ ಶೀರ್ಷಿಕೆ ಮುಖಪುಟದಲ್ಲಿರಲಿಲ್ಲ, ಒಳಗಿನ ಪರಿವಿಡಿಯ ಪುಟದಲ್ಲಿತ್ತು. ಅಂಗಡಿಯಲ್ಲಿ ತೂಗುಹಾಕಿದ ಪತ್ರಿಕೆಯನ್ನು ದಾರಿಯಲ್ಲಿ ನಿಂತು ನೋಡುವವನು ಪರಿವಿಡಿ ತೆರೆದು ಓದುತ್ತಾನೆಯೇ? ಅವನಿಗೆ ಸಿಗುವುದು ಚಿತ್ರವೊಂದೇ. ಒಬಾಮಾ ಪಾಳಯ ಚಿತ್ರವನ್ನು ಅಭಿರುಚಿಹೀನ ಎಂದು ಖಂಡಿಸಿತು, ಎದುರಾಳಿ ಜಾನ್ ಮೆಕೇನ್ ಪಾಳಯವೂ ಅದಕ್ಕೆ ದನಿಗೂಡಿಸಿತು. ಆ ಇಡೀ ಚುನಾವಣೆಯಲ್ಲಿ ಎರಡು ಪಕ್ಷಗಳು ಒಂದೇ ಮಾತನ್ನಾಡಿದ ಅಪರೂಪದ ಪ್ರಸಂಗವಿದು!

ಇಷ್ಟು ವರ್ಷಗಳ ಬಳಿಕ ಈ ಚಿತ್ರವನ್ನು ಮತ್ತೆ ಎತ್ತಿಕೊಳ್ಳಲು ಕಾರಣವಿದೆ. ಅಧ್ಯಕ್ಷ ಪದವಿಗೆ ನಿಂತವರನ್ನು ಜನ ಹೇಗೆ ತೂಗಿ ನೋಡುತ್ತಾರೆ? ಅವರ ನೀತಿ, ಹಿಂದಿನ ಸಾಧನೆ, ಮಾತಿನ ನಂಬಿಕಸ್ತಿಕೆ, ಇವುಗಳಿಂದ ಎಂದು ಪೌರನೀತಿಯ ಪಠ್ಯಪುಸ್ತಕಗಳು ಹೇಳುತ್ತವೆ. ಆದರೆ ಅಮೆರಿಕದ ಕಳೆದ ಕಾಲು ಶತಮಾನದ ಚುನಾವಣೆಗಳನ್ನು ನೋಡಿದರೆ ಬಟ್ಟು, ತಕ್ಕಡಿ ಎರಡನ್ನೂ ಜೋಕುಗಳು ಕಸಿದುಕೊಂಡಿರುವುದು ಕಾಣುತ್ತದೆ. ಜೋಕು ಅಲ್ಲಿ ಹೊಸದೇನಲ್ಲ. ಮಿಶಿಗನ್ ವಿಶ್ವವಿದ್ಯಾನಿಲಯದ ಫುಟ್‌ಬಾಲ್ ತಂಡದಲ್ಲಿ ಆಡಿ ಹೆಸರು ಮಾಡಿದ್ದ ಜೆರಾಲ್ಡ್ ಫೋರ್ಡ್ 1975ರಲ್ಲಿ ವಿಮಾನದ ಮೆಟ್ಟಿಲಲ್ಲಿ ಒಮ್ಮೆ ಜಾರಿದ್ದೇ ತಡ, ಟಿವಿಯ ವಿದೂಷಕರು ವಾರಾವಾರ ಬಿದ್ದು ತೋರಿಸಿ ಅವರನ್ನು ಎಡವುವ ಅಧ್ಯಕ್ಷನನ್ನಾಗಿ ಮಾಡಿಬಿಟ್ಟರು. ಅದು ಒಂದು ರೀತಿಯ ಪೋಲಿ ತಮಾಷೆ, ಅಷ್ಟೇ. ನಮ್ಮ ತಕರಾರಿರುವುದು ಒಂದು ಪಕ್ಷದ ಸೊತ್ತಾಗಿ, ಒಂದು ಪಕ್ಷದ ಆಯುಧವಾಗಿ ಬಳಕೆಯಾಗುವ ನಗೆಯ ಬಗ್ಗೆ.

ಅಲ್ ಗೋರ್ ಪ್ರಕರಣವನ್ನೇ ನೋಡಿ. 'ಇಂಟರ್‌ನೆಟ್ ಕಂಡುಹಿಡಿದದ್ದು ನಾನೇ ಎಂದ ಪುಣ್ಯಾತ್ಮ' ಎಂಬುದು 2000ದ ಚುನಾವಣೆಯ ಜನಪ್ರಿಯ ನಗೆಹನಿ. ಗೋರ್ ಹಾಗೆ ಹೇಳಿರಲಿಲ್ಲ. 1999ರ ಮಾರ್ಚ್‌ನಲ್ಲಿ ಸಿಎನ್‌ಎನ್‌ಗೆ ಕೊಟ್ಟ ಸಂದರ್ಶನದಲ್ಲಿ, ಸಂಸತ್ತಿನಲ್ಲಿದ್ದಾಗ ಇಂಟರ್‌ನೆಟ್ ರೂಪಿಸುವ ಕೆಲಸದಲ್ಲಿ ತಾನು ಮುಂದಾಳತ್ವ ವಹಿಸಿದ್ದೆ ಎಂದಿದ್ದರು. ಮಾತಿನಲ್ಲಿ ತುಸು ಜಂಬವಿತ್ತು, ನಿಜ. ಆದರೆ ಅದರಲ್ಲಿ ಹುರುಳೂ ಇತ್ತು. ಕಂಪ್ಯೂಟರ್ ಜಾಲಕ್ಕೆ ಸರಕಾರಿ ಹಣ ಒದಗಿಸಿದ 1991ರ ಕಾಯ್ದೆಯ ಹಿಂದೆ ಇದ್ದವರು ಗೋರ್. ಇಂಟರ್‌ನೆಟ್‌ನ ಜನಕರೆಂದೇ ಕರೆಸಿಕೊಳ್ಳುವ ವಿಂಟ್ ಸರ್ಫ್ ಮತ್ತು ಬಾಬ್ ಕಾನ್ ಚುನಾವಣೆಗೆ ಮುಂಚೆಯೇ ಗೋರ್ ಪರವಾಗಿ ಬರೆದರು. ಯಾರು ಓದಿದರು? ಜೋಕು ನಾಲ್ಕು ಶಬ್ದದ್ದು, ಸ್ಪಷ್ಟೀಕರಣ ನಾಲ್ಕು ಪುಟದ್ದು. ಕೊನೆಗೆ ಫ್ಲೋರಿಡಾ ರಾಜ್ಯವೊಂದರಲ್ಲಿ 537 ಮತಗಳ ಅಂತರದಿಂದ ದೇಶದ ಅಧ್ಯಕ್ಷರು ಯಾರೆಂಬುದು ತೀರ್ಮಾನವಾಯಿತು. ಆ 537 ಮತಗಳು ಜೋಕಿನಿಂದಲೇ ಹೋದವು ಎಂದು ನಾವು ಹೇಳಲಾರೆವು. ಆದರೆ ಅಷ್ಟು ಸಣ್ಣ ಅಂತರದಲ್ಲಿ ಯಾವುದನ್ನೂ ಸಣ್ಣದೆನ್ನಲಾಗದು.

2004ರಲ್ಲಿ ಸರದಿ ಜಾನ್ ಕೆರ್ರಿಯದು. ವಿಯೆಟ್ನಾಂ ಯುದ್ಧದಲ್ಲಿ ಗಾಯಗೊಂಡು ಮೂರು 'ಪರ್ಪಲ್ ಹಾರ್ಟ್' ಪದಕ ಪಡೆದವರು ಅವರು. ನ್ಯೂಯಾರ್ಕ್‌ನಲ್ಲಿ ನಡೆದ ರಿಪಬ್ಲಿಕನ್ ಮಹಾಧಿವೇಶನದಲ್ಲಿ ಕೆಲವು ಪ್ರತಿನಿಧಿಗಳು ನೇರಳೆ ಬಣ್ಣದ ಹೃದಯ ಮುದ್ರಿಸಿದ ಪುಟ್ಟ ಬ್ಯಾಂಡೇಜುಗಳನ್ನು ಗಲ್ಲ, ಗದ್ದಗಳಿಗೆ ಅಂಟಿಸಿಕೊಂಡು ಓಡಾಡಿದರು. ಕೆರ್ರಿಯ ಗಾಯಗಳು ತರಚು ಗಾಯಗಳೆಂಬ ಲೇವಡಿ ಅದು. ವಿಪರ್ಯಾಸ ನೋಡಿ: ಅವರು ಬೆಂಬಲಿಸುತ್ತಿದ್ದ ಜಾರ್ಜ್ ಬುಷ್ ವಿಯೆಟ್ನಾಂ ಯುದ್ಧಕಾಲದಲ್ಲಿ ಟೆಕ್ಸಾಸ್‌ನ ವಾಯುಪಡೆ ಕಾವಲು ದಳದಲ್ಲಿದ್ದರೇ ಹೊರತು ವಿಯೆಟ್ನಾಂಗೆ ಹೋಗಿರಲಿಲ್ಲ. ಮೇಲಾಗಿ, ಅದೇ ದಿನಗಳಲ್ಲಿ ಇರಾಕ್‌ನಿಂದ ಅಮೆರಿಕದ ಗಾಯಾಳು ಯೋಧರು ಮರಳುತ್ತಿದ್ದರು. ಅವರಲ್ಲಿ ಅದೇ ಪದಕ ಪಡೆದವರಿದ್ದರು. ಕೆರ್ರಿಗೆ ಹೊಡೆದ ನಗೆ ಅವರಿಗೂ ತಾಗಿತು. ಪರ್ಪಲ್ ಹಾರ್ಟ್ ಪಡೆದ ಯೋಧರ ಸಂಘಟನೆ ಪ್ರತಿಭಟಿಸಿದಾಗಲೇ ಅಧಿವೇಶನದವರಿಗೆ ಇದರ ಅರಿವಾದದ್ದು.

ಅಂದಹಾಗೆ, ಆ ಚುನಾವಣೆಯ ಕಾಲದ ನಗೆಯಲ್ಲಿ ನಮ್ಮ ಬೆಂಗಳೂರಿಗೂ ಒಂದು ಪಾಲಿತ್ತು. ಕೆಲಸ ಭಾರತಕ್ಕೆ ಹೋಗಿ ನಿರುದ್ಯೋಗಿಯಾದವನನ್ನು 'ಬ್ಯಾಂಗಲೋರ್ಡ್' ಆದವನು ಎನ್ನುವುದು ಅಲ್ಲಿ ರೂಢಿಯಾಗಿತ್ತು. ಆ ಶಬ್ದ ಅಚ್ಚಾದ ಟೀ ಶರ್ಟುಗಳೂ ಮಾರಾಟಕ್ಕಿದ್ದವು. ಊರಿನ ಹೆಸರು ಕ್ರಿಯಾಪದವಾದುದಕ್ಕೆ ನಮ್ಮಲ್ಲಿ ಕೆಲವರು ಹೆಮ್ಮೆಪಟ್ಟದ್ದೂ ಉಂಟು. ಆ ಶಬ್ದ ಹೇಳಿ ನಗುತ್ತಿದ್ದವನ ಮನೆಯಲ್ಲಿ ಅಂದು ಒಲೆ ಉರಿಯಿತೇ ಎಂದು ನಾವು ಕೇಳಿಕೊಳ್ಳಲಿಲ್ಲ.

ಇನ್ನು 2008ಕ್ಕೆ ಮರಳೋಣ. ರಿಪಬ್ಲಿಕನ್ ಪಕ್ಷದ ಉಪಾಧ್ಯಕ್ಷ ಅಭ್ಯರ್ಥಿ, ಅಲಾಸ್ಕಾದ ಗವರ್ನರ್ ಸಾರಾ ಪೇಲಿನ್. 'ನಮ್ಮ ಮನೆಯಿಂದ ರಷ್ಯಾ ಕಾಣಿಸುತ್ತದೆ' ಎಂದವರು ಯಾರು? ಪೇಲಿನ್ ಎಂದೇ ಇಂದಿಗೂ ಬಹಳಷ್ಟು ಜನ ಹೇಳುತ್ತಾರೆ. ಅಲ್ಲ. ಸೆಪ್ಟೆಂಬರ್ 13ರಂದು 'ಸ್ಯಾಟರ್ಡೇ ನೈಟ್ ಲೈವ್' ಕಾರ್ಯಕ್ರಮದಲ್ಲಿ ಪೇಲಿನ್ ವೇಷ ಹಾಕಿ ಆ ಮಾತನ್ನಾಡಿದವರು ಹಾಸ್ಯ ನಟಿ ಟೀನಾ ಫೇ. ಅಲಾಸ್ಕಾದ ನೆಲದಿಂದ ರಷ್ಯಾವನ್ನು ಕಾಣಬಹುದು ಎಂದಷ್ಟೇ ಪೇಲಿನ್ ಎಬಿಸಿ ಸಂದರ್ಶನದಲ್ಲಿ ಹೇಳಿದ್ದರು. ಭೂಗೋಳದ ಪ್ರಕಾರ ಅದು ಸರಿಯೇ. ಬೇರಿಂಗ್ ಜಲಸಂಧಿಯ ದ್ವೀಪವೊಂದರಿಂದ ರಷ್ಯಾದ ದ್ವೀಪ ಕಾಣುತ್ತದೆ. ಅದನ್ನು ವಿದೇಶಾಂಗ ನೀತಿಯ ಅನುಭವವೆಂದು ಹೇಳಿಕೊಂಡದ್ದು ಹಾಸ್ಯಾಸ್ಪದವಾಗಿತ್ತು, ಅದು ಬೇರೆ ಮಾತು.

ಟೀನಾ ಫೇ ಅವರ ಅಭಿನಯದ ಬಗ್ಗೆ ಎರಡು ಮಾತಿಲ್ಲ. ನಾವೂ ನಕ್ಕಿದ್ದೇವೆ. ಅದರಲ್ಲೂ ಸೆಪ್ಟೆಂಬರ್ 27ರ ಪ್ರಹಸನ ಇಲ್ಲಿ ವಿಶೇಷವಾಗಿ ಉಲ್ಲೇಖಾರ್ಹ. ಆರ್ಥಿಕ ಕುಸಿತದ ಕುರಿತು ಕೇಟಿ ಕೌರಿಕ್ ಕೇಳಿದ ಪ್ರಶ್ನೆಗೆ ಪೇಲಿನ್ ಕೊಟ್ಟಿದ್ದ ಉತ್ತರವನ್ನು ಫೇ ಅಲ್ಲಲ್ಲಿ ಬಹುತೇಕ ಇದ್ದಂತೆಯೇ ಒಪ್ಪಿಸಿದರು. ಅಲ್ಲಿ ಹಾಸ್ಯಗಾರ್ತಿ ಸೇರಿಸಿದ್ದು ಕಡಿಮೆ, ಅಭ್ಯರ್ಥಿಯ ಮಾತೇ ಅಭ್ಯರ್ಥಿಯನ್ನು ತೂಗಿತು. ಮತದಾರನಿಗೆ ಇದರಿಂದ ನಿಜಕ್ಕೂ ಉಪಕಾರವಾಯಿತು ಎನ್ನಬೇಕು. ರಷ್ಯಾದ ಜೋಕು ಹಾಗಲ್ಲ. ಅದು ಆಡದ ಮಾತನ್ನು ಬಾಯಿಗೆ ತುರುಕಿತು. ಎರಡೂ ಒಬ್ಬರೇ ನಟಿ, ಒಂದೇ ವೇದಿಕೆ, ಎರಡು ವಾರಗಳ ಅಂತರ. ಜನರ ನೆನಪಿನಲ್ಲಿ ಉಳಿದದ್ದು ಯಾವುದು ಎಂಬುದು ನಿಮಗೆ ಗೊತ್ತೇ ಇದೆ.

ಆ ನಗೆಯ ಗದ್ದಲದಲ್ಲಿ ಮುಳುಗಿಹೋದದ್ದು ಕೆಚಿಕನ್ ಪಟ್ಟಣದ ಸೇತುವೆ. ಸುಮಾರು 50 ಮಂದಿ ವಾಸವಿದ್ದ ಗ್ರವಿನಾ ದ್ವೀಪಕ್ಕೆ ಕೇಂದ್ರದ ಹಣದಿಂದ ಕಟ್ಟಬೇಕೆಂದಿದ್ದ ಭಾರೀ ಸೇತುವೆ ಅದು. 2006ರಲ್ಲಿ ಗವರ್ನರ್ ಚುನಾವಣೆಗೆ ನಿಂತಾಗ ಪೇಲಿನ್ ಅದನ್ನು ಬೆಂಬಲಿಸಿದ್ದರು. 2008ರ ಅಧಿವೇಶನದ ವೇದಿಕೆಯಲ್ಲಿ, ಆ ಸೇತುವೆಯೇ ಬೇಡವೆಂದು ಕಾಂಗ್ರೆಸ್ಸಿಗೆ ಹೇಳಿದವಳು ತಾನು ಎಂದರು. ಹಣ ಮಾತ್ರ ರಾಜ್ಯದ ಬಳಿಯೇ ಉಳಿದಿತ್ತು. ಅಭ್ಯರ್ಥಿಯನ್ನು ತೂಗಲು ಇದಕ್ಕಿಂತ ಒಳ್ಳೆಯ ಬಟ್ಟು ಬೇಕೇ? ಪತ್ರಿಕೆಗಳು ಬರೆದವು, ನಿಜ. ಆದರೆ ಸೇತುವೆಯ ಲೆಕ್ಕಕ್ಕೆ ಯಾರು ನಗುತ್ತಾರೆ?

ಜೋಕುಗಳಿಂದ ಮತದಾರರ ಮನಸ್ಸು ಬದಲಾಗುತ್ತದೆಯೇ ಎಂಬುದನ್ನು ವಿದ್ವಾಂಸರೂ ಕೆದಕಿದ್ದಾರೆ. ಫೇ ಪ್ರಹಸನ ನೋಡಿದ ಯುವಜನರಲ್ಲಿ ಪೇಲಿನ್ ಬಗ್ಗೆ ಒಲವು ಕುಗ್ಗಿತ್ತೆಂದು 2012ರಲ್ಲಿ ಪ್ರಕಟವಾದ ಅಧ್ಯಯನವೊಂದು ಹೇಳಿತು. ನಮಗೆ ಹೆಚ್ಚು ಸೋಜಿಗವೆನಿಸುವುದು 2009ರ ಇನ್ನೊಂದು ಅಧ್ಯಯನ. ಸ್ಟೀಫನ್ ಕೋಲ್ಬರ್ ಎಂಬ ಹಾಸ್ಯಗಾರ ಬಲಪಂಥೀಯ ಟಿವಿ ನಿರೂಪಕನ ಸೋಗು ಹಾಕಿ ಬಲಪಂಥೀಯರನ್ನೇ ಅಣಕಿಸುತ್ತಿದ್ದರು. ಉದಾರವಾದಿಗಳು ಅದನ್ನು ಅಣಕವೆಂದೇ ಕಂಡರು. ಆದರೆ ಅನೇಕ ಸಂಪ್ರದಾಯವಾದಿ ಪ್ರೇಕ್ಷಕರು, ಆತ ತಮಾಷೆಯ ಸೋಗಿನಲ್ಲಿ ಮನದಾಳದ ಮಾತನ್ನೇ ಆಡುತ್ತಿದ್ದಾನೆ ಎಂದು ಭಾವಿಸಿದ್ದರಂತೆ! ಒಂದೇ ಕಾರ್ಯಕ್ರಮ, ಎರಡು ಪಾಳಯ, ಇಬ್ಬರಿಗೂ ನಗು. ಇಬ್ಬರೂ ತಂತಮ್ಮ ಅಭಿಪ್ರಾಯವನ್ನು ಮೊದಲಿಗಿಂತ ಬಿಗಿಯಾಗಿ ಹಿಡಿದುಕೊಂಡು ಮಲಗಲು ಹೋದರು.

ಬ್ಲಿಟ್ ಅವರ ಮುಖಪುಟಕ್ಕೂ ಆದದ್ದು ಇದೇ. ಒಬಾಮಾ ಮುಸ್ಲಿಮನಲ್ಲವೆಂದು ತಿಳಿದವನು ಗಾಳಿಸುದ್ದಿಯ ಮೂರ್ಖತನ ಕಂಡು ನಕ್ಕ. ಮುಸ್ಲಿಮನೆಂದು ಶಂಕಿಸಿದವನು ತನ್ನ ಶಂಕೆಯನ್ನು ಬಣ್ಣದಲ್ಲಿ ಕಂಡ. ಒಬಾಮಾ ಗೆದ್ದು ಅಧಿಕಾರ ಹಿಡಿದ ಮೇಲೂ, 2010ರ ಆಗಸ್ಟ್‌ನಲ್ಲಿ ಪ್ಯೂ ಸಂಸ್ಥೆ ನಡೆಸಿದ ಸಮೀಕ್ಷೆಯಲ್ಲಿ ನೂರಕ್ಕೆ 18 ಮಂದಿ ಅಮೆರಿಕನ್ನರು ಅವರನ್ನು ಮುಸ್ಲಿಮನೆಂದೇ ನಂಬಿದ್ದರು.

ಆದರೆ ನಮ್ಮನ್ನು ಕಾಡುವುದು ಬೇರೆಯೇ ಪ್ರಶ್ನೆ. ಆ ಚಿತ್ರದಲ್ಲಿ ನಗೆ ಹುಟ್ಟಬೇಕಾದರೆ, ಮುಂಡಾಸು, ನಿಲುವಂಗಿ, ಬಿನ್ ಲಾದೆನ್ ಮತ್ತು ಉರಿಯುವ ಧ್ವಜ ಒಂದೇ ಗೋಣಿಯ ಸಾಮಾನುಗಳೆಂದು ನೋಡುಗ ಒಪ್ಪಬೇಕು. ಗೇಲಿಗೊಳಗಾದದ್ದು 'ಒಬಾಮಾ ಅಂಥವರು' ಎಂಬ ಸುಳ್ಳು ಮಾತ್ರ. 'ಮುಂಡಾಸು ತೊಟ್ಟವರು ಇಂಥವರು' ಎಂಬ ಸುಳ್ಳಿಗೆ ಕುಂಚ ತಾಗಲೇ ಇಲ್ಲ. ಎಡದಿಂದ ನಕ್ಕರೂ ಬಲದಿಂದ ನಕ್ಕರೂ ಅದು ಅಲ್ಲೇ ಕೂತಿತ್ತು.

ಇದು ಚಿತ್ರದೊಳಗಿನ ಮಾತಾಗಿ ಉಳಿಯಲಿಲ್ಲ. ಮುಖಪುಟ ಬರುವ ತಿಂಗಳ ಮೊದಲೇ, ಜೂನ್ 16ರಂದು, ಡೆಟ್ರಾಯಿಟ್‌ನಲ್ಲಿ ನಡೆದ ಒಬಾಮಾ ಸಭೆಯಲ್ಲಿ ಶಿರವಸ್ತ್ರ ಧರಿಸಿದ ಇಬ್ಬರು ಯುವತಿಯರನ್ನು ವೇದಿಕೆಯ ಹಿಂದೆ ಕೂರಲು ಸ್ವಯಂಸೇವಕರು ಬಿಡಲಿಲ್ಲ. ಟಿವಿ ಕ್ಯಾಮರಾದ ಚೌಕಟ್ಟಿನೊಳಗೆ ಆ ಬಟ್ಟೆ ಕಾಣಬಾರದಿತ್ತು. ಅವರೇನು ವಿರೋಧಿಗಳೇ? ಒಬಾಮಾಗೆ ಜೈಕಾರ ಹಾಕಲು ಬಂದವರು! ಬಳಿಕ ಒಬಾಮಾ ಸ್ವತಃ ಫೋನ್ ಮಾಡಿ ಕ್ಷಮೆ ಕೇಳಿದರು. ಕ್ಷಮೆ ದೊಡ್ಡದೇ. ಆದರೆ ಚೌಕಟ್ಟಿನ ಲೆಕ್ಕಾಚಾರವನ್ನು ಆ ಸ್ವಯಂಸೇವಕರಿಗೆ ಕಲಿಸಿದ್ದು ಇಂಥವೇ ಗಾಳಿಸುದ್ದಿ, ಇಂಥವೇ ಜೋಕುಗಳಲ್ಲವೇ?

ಅಕ್ಟೋಬರ್ 10ರಂದು ಮಿನ್ನೆಸೋಟಾದ ಲೇಕ್‌ವಿಲ್‌ನಲ್ಲಿ ಮೆಕೇನ್ ಸಭೆ. ಮಹಿಳೆಯೊಬ್ಬರು ಮೈಕ್ ಹಿಡಿದು, ಒಬಾಮಾರನ್ನು ನಂಬಲಾರೆ, ಆತ ಅರಬ ಎಂದರು. ಮೆಕೇನ್ ತಲೆಯಾಡಿಸಿ ಮೈಕ್ ಹಿಂದಕ್ಕೆ ಪಡೆದರು. ಇಲ್ಲಮ್ಮ, ಆತ ಸಭ್ಯ, ಸಂಸಾರವಂತ, ಈ ದೇಶದ ನಾಗರಿಕ, ನನಗೆ ಆತನೊಂದಿಗೆ ಭಿನ್ನಾಭಿಪ್ರಾಯಗಳಿವೆ ಅಷ್ಟೇ ಎಂಬರ್ಥದಲ್ಲಿ ಉತ್ತರಿಸಿದರು. ಸ್ವಂತ ಬೆಂಬಲಿಗರ ಗೊಣಗಾಟವನ್ನು ಎದುರಿಸಿ ಪ್ರತಿಸ್ಪರ್ಧಿಯ ಮಾನ ಕಾಯ್ದ ಈ ನಡೆಯನ್ನು ಲೋಕವೆಲ್ಲ ಹೊಗಳಿತು. ನಾವೂ ಹೊಗಳುತ್ತೇವೆ. ಈಗಿನ ಕಾಲದಲ್ಲಿ ಅಂಥದ್ದು ದುರ್ಲಭ. ಆದರೂ ಆ ಉತ್ತರವನ್ನು ಇನ್ನೊಮ್ಮೆ ಓದಿ. 'ಅರಬನೇ?' ಎಂದರೆ 'ಇಲ್ಲ, ಸಭ್ಯ' ಎಂಬ ಉತ್ತರ. ಮೆಕೇನ್ ಹಾಗೆ ಅರ್ಥೈಸಿ ಹೇಳಿರಲಾರರು. ಆದರೆ ಮಿಶಿಗನ್‌ನ ಡಿಯರ್‌ಬೋರ್ನ್‌ನಲ್ಲಿ ಟಿವಿ ಮುಂದೆ ಕುಳಿತ ಅರಬ ಸಂಸಾರವಂತನಿಗೆ ಅದು ಹೇಗೆ ಕೇಳಿಸಿರಬಹುದು?

ಈ ಕಥೆ 2008ಕ್ಕೆ ಮುಗಿಯಲಿಲ್ಲ. 2024ರ ಸೆಪ್ಟೆಂಬರ್ 10ರ ಚರ್ಚೆಯಲ್ಲಿ ಡೊನಾಲ್ಡ್ ಟ್ರಂಪ್, ಓಹಾಯೋದ ಸ್ಪ್ರಿಂಗ್‌ಫೀಲ್ಡ್‌ನಲ್ಲಿ ವಲಸಿಗರು ಜನರ ನಾಯಿ, ಬೆಕ್ಕುಗಳನ್ನು ತಿನ್ನುತ್ತಿದ್ದಾರೆ ಎಂದರು. ಹಸಿ ಸುಳ್ಳು. ಎದುರಿಗಿದ್ದ ಕಮಲಾ ಹ್ಯಾರಿಸ್ ನಕ್ಕರು. ಮರುದಿನದಿಂದ ಆ ಮಾತಿಗೆ ರಾಗ ಹಾಕಿದ ಹಾಡುಗಳು ಬಂದವು, ಟ್ರಂಪ್ ವಿರೋಧಿಗಳು ಕುಣಿದರು. ಬೆಂಬಲಿಗರೇನು ನಾಚಿದರೇ? ಬೆಕ್ಕು, ಬಾತುಕೋಳಿಗಳನ್ನು ಅಪ್ಪಿಕೊಂಡು ಕಾಪಾಡುವ ಟ್ರಂಪ್‌ರ ಕೃತಕ ಚಿತ್ರಗಳನ್ನು ಸೃಷ್ಟಿಸಿ ಅವರೂ ಹಂಚಿದರು. ಹೀಗೆ ಇಡೀ ದೇಶ ಎರಡು ಕಡೆಯಿಂದ ನಗುತ್ತಿದ್ದಾಗ ಸ್ಪ್ರಿಂಗ್‌ಫೀಲ್ಡ್‌ಗೆ 30ಕ್ಕೂ ಹೆಚ್ಚು ಹುಸಿ ಬಾಂಬ್ ಬೆದರಿಕೆಗಳು ಬಂದವು. ಶಾಲೆಗಳನ್ನು ತೆರವುಗೊಳಿಸಬೇಕಾಯಿತು. ಹೈಟಿಯಿಂದ ಬಂದು ಅಲ್ಲಿನ ಕಾರ್ಖಾನೆಗಳಲ್ಲಿ ದುಡಿಯುತ್ತಿದ್ದ ಕುಟುಂಬಗಳು ಮಕ್ಕಳನ್ನು ಶಾಲೆಗೆ ಕಳಿಸಲು ಹೆದರಿದವು. ನವೆಂಬರ್‌ನಲ್ಲಿ ಟ್ರಂಪ್ ಗೆದ್ದರು. ಆ ಮಾತನ್ನು ಜೋಕು ಮಾಡಿ ನಕ್ಕವರು, ಅದು ತೀರಾ ಹಾಸ್ಯಾಸ್ಪದವಾದ್ದರಿಂದ ಯಾರೂ ನಂಬಲಾರರು ಎಂದುಕೊಂಡಿದ್ದರು.

ಮತ್ತೆ 2008ರ ಅಕ್ಟೋಬರ್. ಚುನಾವಣೆಗೆ ಎರಡು ವಾರಗಳಿರುವಾಗ, 19ರಂದು, ಬುಷ್ ಸರಕಾರದಲ್ಲಿ ವಿದೇಶಾಂಗ ಸಚಿವರಾಗಿದ್ದ ಕಾಲಿನ್ ಪವೆಲ್ ಟಿವಿಯಲ್ಲಿ ಒಬಾಮಾಗೆ ಬೆಂಬಲ ಘೋಷಿಸಿದರು. ಇರಾಕ್ ಯುದ್ಧಕ್ಕೆ ಮುನ್ನ ವಿಶ್ವಸಂಸ್ಥೆಯಲ್ಲಿ ಇದೇ ಪವೆಲ್ ಮಂಡಿಸಿದ್ದ 'ಸಾಕ್ಷ್ಯ'ಗಳನ್ನು ನಾವು ಮರೆತಿಲ್ಲ. ಆದರೆ ಅಂದು ಅವರು ಕೇಳಿದ ಪ್ರಶ್ನೆಯನ್ನು ಅಲ್ಲಿಯವರೆಗೆ ಯಾವ ಹಾಸ್ಯಗಾರನೂ, ಯಾವ ಅಭ್ಯರ್ಥಿಯೂ ಕೇಳಿರಲಿಲ್ಲ. ಒಬಾಮಾ ಮುಸ್ಲಿಮರಲ್ಲ, ಕ್ರೈಸ್ತರು, ಅದು ಸರಿ. ಆದರೆ ಮುಸ್ಲಿಮರಾಗಿದ್ದರೆ ಏನಾಯಿತು? ಈ ದೇಶದಲ್ಲಿ ಮುಸ್ಲಿಮನಾಗಿರುವುದು ತಪ್ಪೇ? ಏಳು ವರ್ಷದ ಮುಸ್ಲಿಂ ಬಾಲಕನೊಬ್ಬ ತಾನೂ ಅಧ್ಯಕ್ಷನಾಗಬಹುದೆಂದು ಕನಸು ಕಂಡರೆ ತಪ್ಪೇನು?

ಈ ವಿಷಯ ತಮ್ಮ ಮನಸ್ಸಿಗೆ ಯಾಕೆ ತಾಗಿತೆಂಬುದನ್ನೂ ಪವೆಲ್ ಹೇಳಿದರು. ಪತ್ರಿಕೆಯೊಂದರಲ್ಲಿ ಅವರು ಒಂದು ಫೋಟೊ ನೋಡಿದ್ದರು. ಆರ್ಲಿಂಗ್ಟನ್‌ನ ಸೈನಿಕರ ಸ್ಮಶಾನದಲ್ಲಿ ತಾಯಿಯೊಬ್ಬಳು ಮಗನ ಸಮಾಧಿಗಲ್ಲಿಗೆ ತಲೆಯಾನಿಸಿ ಕುಳಿತಿದ್ದಾಳೆ. ಇರಾಕ್‌ನಲ್ಲಿ 2007ರಲ್ಲಿ ಸತ್ತಾಗ ಮಗನಿಗೆ 20 ವರ್ಷ. ಕಲ್ಲಿನ ಮೇಲೆ ಶಿಲುಬೆಯಿಲ್ಲ. ಅರ್ಧಚಂದ್ರ ಮತ್ತು ನಕ್ಷತ್ರವಿದೆ.

ಪವೆಲ್ ಪತ್ರಿಕೆಯ ಹೆಸರು ಹೇಳಲಿಲ್ಲ. ಆ ಫೋಟೊ ಅಚ್ಚಾದದ್ದು 2008ರ ಸೆಪ್ಟೆಂಬರ್ 29ರ ಸಂಚಿಕೆಯಲ್ಲಿ. ಪತ್ರಿಕೆ 'ದಿ ನ್ಯೂಯಾರ್ಕರ್'. ಅದನ್ನು ಮುಖಪುಟದಲ್ಲಿ ಹಾಕಿರಲಿಲ್ಲ, ಒಳಪುಟದಲ್ಲಿತ್ತು.